ಥೈಮಿಡಿನ್: ಜೀವಕೋಶದ ಪ್ರತಿಕಾರ್ಯಕ್ಕೆ ಒಂದಕ್ಷರದ ಸಾಕ್ಷಿ

೧

ಬೆಂಗಳೂರಿನ ಉತ್ತರದಿಕ್ಕಿನಲ್ಲಿ ಯಶವಂತಪುರದಿಂದ ಮೊದಲುಗೊಂಡು ಹೆಬ್ಬಾಳ ಜಕ್ಕೂರುಗಳನ್ನು ಹಾಯ್ದು ಯಲಹಂಕದವರೆಗೆ ಹಬ್ಬಿರುವ ಪ್ರದೇಶವು ಈಗ ಜೀವಶಾಸ್ತ್ರದ ಸಂಶೋಧನೆಗೆ ಮುಖ್ಯ ಕ್ಷೇತ್ರವಾಗಿದೆ. ೧೯೦೯ರಲ್ಲಿ ಸ್ಥಾಪಿತವಾಗಿ, ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ರೂಢವಾದ ಭಾರತೀಯ ವಿಜ್ಞಾನ ಸಂಸ್ಥೆಯು ಯಶವಂತಪುರದ ಮಗ್ಗುಲಲ್ಲಿದೆ. ೧೯೮೯ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರವು ಜಕ್ಕೂರಿನಲ್ಲಿದೆ. ಒಬೈದ್ ಸಿದ್ದೀಕಿಯವರು ಕಟ್ಟಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವು ಹೆಬ್ಬಾಳದಾಚೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ನೆಲಸಿದೆ.

ಇದೇ ಹೆಬ್ಬಾಳದಲ್ಲಿ ೨೦೧೮ರಲ್ಲಿ ಕಿತ್ತಯ್ಯನೆಂಬ ವೀರನ ಹೆಸರನ್ನುಳ್ಳ ಶಿಲಾಶಾಸನವೊಂದು ದೊರೆಯಿತು. ಅದು ಗಂಗರ ಶ್ರೀಪುರುಷನ ಕಾಲದ್ದೆಂದೂ ಸುಮಾರು ಕ್ರಿ.ಶ. ೭೫೦ರದೆಂದೂ ವಿದ್ವಾಂಸರು ಎಣಿಸಿದ್ದಾರೆ. ಕಲ್ಲಿನ ಮೇಲಣ ಅಕ್ಷರಗಳಿಂದ ಕಾಲವನ್ನು ಊಹಿಸುವ ವಿದ್ಯೆಯು ನಮ್ಮ ವಾಚಕರಿಗೆ ಪರಿಚಿತವಾದುದೇ ಸರಿ. ಜೀವಕೋಶದೊಳಗಣ ಅಕ್ಷರದಿಂದ ಕಾಲವನ್ನು ನಿರ್ಣಯಿಸುವ ಇನ್ನೊಂದು ವಿದ್ಯೆಯುಂಟು. ಅದಕ್ಕೆ ಸಾಧನವಾದ ಮುಖ್ಯ ದ್ರವ್ಯವೇ ಥೈಮಿಡಿನ್.

ಕೋಶವು ಎರಡಾಗುವ ಮೊದಲು ತನ್ನ ಅನುವಂಶೀಯ ಲೇಖವನ್ನೆಲ್ಲ ಒಮ್ಮೆ ಪ್ರತಿಮಾಡಿಕೊಳ್ಳಬೇಕು. ಆ ಕಾರ್ಯವು ಯಾವ ಕೋಶದಲ್ಲಿ ನಡೆಯಿತು, ಎಷ್ಟು ವೇಗದಿಂದ ನಡೆಯಿತು, ನಡುವೆ ಎಲ್ಲಿಯಾದರೂ ತಡೆದು ನಿಂತಿತೇ, ನಿಂತ ಸ್ಥಳದಲ್ಲಿ ಬರೆಹವು ಕೆಟ್ಟಿತೇ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯದೆ ಕ್ಯಾನ್ಸರ್ ರೋಗದ ಮೂಲವನ್ನು ಅರಿಯಲಾಗದು. ಈ ಪ್ರಶ್ನೆಗಳಿಗೆ ಥೈಮಿಡಿನ್ ಹೇಳುವ ಸಾಕ್ಷಿಯ ಸ್ವರೂಪವೇನು, ಆ ಸಾಕ್ಷಿಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ವಿಶದಪಡಿಸುವುದೇ ಈ ಲೇಖನದ ಉದ್ದೇಶ. ಅಲ್ಪ ಪ್ರಮಾಣದಲ್ಲಿ ಈ ದ್ರವ್ಯವು ಸಾಕ್ಷಿ; ಅಧಿಕವಾದರೆ ಇದೇ ಪ್ರತಿಕಾರ್ಯಕ್ಕೆ ತಡೆ. ಮುಂದೆ ಹೇಳುವುದೆಲ್ಲವೂ ಈ ಮಾತಿನ ವಿವರಣೆಯೆಂದೇ ತಿಳಿಯಬಹುದು.

೨

ಮೊದಲು ದ್ರವ್ಯದ ಪರಿಚಯ. ೧೮೬೯ರಲ್ಲಿ ಮೀಷರ್ ಎಂಬ ಸ್ವಿಸ್ ವಿದ್ವಾಂಸನು ಕೀವಿನ ಕೋಶಕೇಂದ್ರಗಳಿಂದ ರಂಜಕವುಳ್ಳ ಹೊಸ ವಸ್ತುವೊಂದನ್ನು ಬೇರ್ಪಡಿಸಿದನು. ಈಗ ಡಿಎನ್‌ಎ ಎಂದು ಕರೆಯುವುದು ಅದನ್ನೇ. ೧೮೯೩ರಲ್ಲಿ ಕೋಸೆಲ್ ಮತ್ತು ನಾಯ್‌ಮನ್ ಎಂಬ ಜರ್ಮನ್ ರಸಾಯನಜ್ಞರು ಕರುವಿನ ಥೈಮಸ್ ಗ್ರಂಥಿಯಿಂದ ಪಡೆದ ಈ ಜಾತಿಯ ವಸ್ತುವನ್ನು ಒಡೆದು ಅದರಲ್ಲಿದ್ದ ಒಂದು ಪ್ರತ್ಯಾಮ್ಲವನ್ನು ಕಂಡುಹಿಡಿದರು. ಗ್ರಂಥಿಯ ಹೆಸರಿನಿಂದ ಅದಕ್ಕೆ ಥೈಮಿನ್ ಎಂಬ ಹೆಸರಾಯಿತು. ಕೋಸೆಲನಿಗೆ ೧೯೧೦ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ೧೯೨೯ರಲ್ಲಿ ಲೆವೀನ್ ಮತ್ತು ಆತನ ಸಹೋದ್ಯೋಗಿಗಳು ಡಿಎನ್‌ಎಯೊಳಗಣ ಸಕ್ಕರೆಯು ಡಿಆಕ್ಸಿರೈಬೋಸ್ ಎಂದು ಗೊತ್ತುಮಾಡಿದರು.

ಪ್ರತ್ಯಾಮ್ಲವೊಂದು ಈ ಸಕ್ಕರೆಯೊಡನೆ ಸೇರಿದರೆ ಅದಕ್ಕೆ ನ್ಯೂಕ್ಲಿಯೊಸೈಡ್ ಎಂದು ಹೆಸರು. ಅದರೊಡನೆ ಫಾಸ್ಫೇಟೂ ಕೂಡಿದರೆ ನ್ಯೂಕ್ಲಿಯೊಟೈಡ್. ಥೈಮಿನ್ ಮತ್ತು ಡಿಆಕ್ಸಿರೈಬೋಸ್ ಸೇರಿದ ನ್ಯೂಕ್ಲಿಯೊಸೈಡೇ ಥೈಮಿಡಿನ್. ಅದರ ಒಂದು ಅಣುವಿನಲ್ಲಿ ಇಂಗಾಲದ ಹತ್ತು, ಜಲಜನಕದ ಹದಿನಾಲ್ಕು, ಸಾರಜನಕದ ಎರಡು, ಆಮ್ಲಜನಕದ ಐದು ಪರಮಾಣುಗಳಿವೆ. ಅಣುಭಾರವು ಸುಮಾರು ೨೪೨. ನೋಡಲು ಬಿಳಿಯ ಪುಡಿ, ನೀರಿನಲ್ಲಿ ಕರಗುವುದು.

ಹೆಸರಿನ ವಿಷಯದಲ್ಲಿ ಒಂದು ಸೂಕ್ಷ್ಮವುಂಟು. ಡಿಎನ್‌ಎಯ ಉಳಿದ ಮೂರು ನ್ಯೂಕ್ಲಿಯೊಸೈಡುಗಳ ಹೆಸರಿನ ಹಿಂದೆ ‘ಡಿಆಕ್ಸಿ’ ಎಂಬ ಉಪಸರ್ಗವನ್ನು ಹಚ್ಚುವುದು ಅಗತ್ಯ. ಹಚ್ಚದಿದ್ದರೆ ಅವು ಆರ್‌ಎನ್‌ಎಯ ಘಟಕಗಳ ಹೆಸರಾಗುತ್ತವೆ. ಥೈಮಿಡಿನ್ನಿಗೆ ಮಾತ್ರ ಆ ಉಪಸರ್ಗವಿಲ್ಲದೆಯೇ ಡಿಆಕ್ಸಿ ರೂಪವೆಂಬ ಅರ್ಥವು ರೂಢವಾಗಿದೆ. ಏಕೆಂದರೆ ಅದು ಸ್ವಭಾವತಃ ಡಿಎನ್‌ಎಗೆ ಸೇರಿದುದು. ಪ್ರಯೋಗಶಾಲೆಯಲ್ಲಿ ಅದಕ್ಕಿರುವ ಬೆಲೆಯ ಕಾರಣವೂ ಈ ರೂಢಿಯಲ್ಲಿಯೇ ಅಡಗಿದೆ.

೩

ಕೋಶದಲ್ಲಿ ಎರಡು ಬಗೆಯ ಲೇಖಗಳಿವೆ. ಡಿಎನ್‌ಎ ಎಂಬುದು ಮೂಲಪ್ರತಿ. ಆರ್‌ಎನ್‌ಎ ಎಂಬುದು ದಿನದಿನದ ಕೆಲಸಕ್ಕಾಗಿ ಅದರಿಂದ ಎತ್ತಿಕೊಂಡ ಭಾಗಗಳು. ಎರಡಕ್ಕೂ ಅಕ್ಷರಗಳು ನಾಲ್ಕು. ಅವುಗಳಲ್ಲಿ ಮೂರು ಪ್ರತ್ಯಾಮ್ಲಗಳು ಎರಡರಲ್ಲಿಯೂ ಒಂದೇ. ನಾಲ್ಕನೆಯದು ಆರ್‌ಎನ್‌ಎಯಲ್ಲಿ ಯುರಾಸಿಲ್, ಡಿಎನ್‌ಎಯಲ್ಲಿ ಥೈಮಿನ್. ಇವೆರಡಕ್ಕೂ ಇರುವ ಭೇದವಾದರೋ ಅತ್ಯಲ್ಪ. ಒಂದು ಇಂಗಾಲ ಮೂರು ಜಲಜನಕಗಳುಳ್ಳ ಮೀಥೈಲ್ ಗುಂಪೊಂದು ಥೈಮಿನ್ನಿನಲ್ಲಿ ಹೆಚ್ಚಾಗಿದೆ, ಅಷ್ಟೆ.

ಹಳಗನ್ನಡ ಗ್ರಂಥಗಳನ್ನು ಶೋಧಿಸುವವರಿಗೆ ಇಂಥ ಸಂದರ್ಭವು ಹೊಸದಲ್ಲ. ೞಕಾರವು ಕಾಲಕ್ರಮದಲ್ಲಿ ಳಕಾರದಲ್ಲಿಯೂ ಕೆಲವೆಡೆ ರೇಫದಲ್ಲಿಯೂ ಲೀನವಾಯಿತು. ಆದಕಾರಣ ಅದು ಸರಿಯಾದ ಸ್ಥಾನದಲ್ಲಿ ಬಂದಿದೆಯೇ ಇಲ್ಲವೇ ಎಂಬುದನ್ನು ನೋಡಿ ಲೇಖದ ಕಾಲವನ್ನು ಊಹಿಸುವುದುಂಟು. ನೂರು ಅಕ್ಷರಗಳು ಹೇಳದ ವಿಷಯವನ್ನು ಒಂದು ಅಕ್ಷರವು ಹೇಳಿಬಿಡುತ್ತದೆ. ಹಾಗೆಯೇ ಕೋಶಕ್ಕೆ ಗುರುತಿಟ್ಟ ಥೈಮಿಡಿನ್ನನ್ನು ಒದಗಿಸಿದರೆ ಆ ಗುರುತು ಆರ್‌ಎನ್‌ಎಯೊಳಗೆ ಹರಡದೆ ಹೊಸದಾಗಿ ರಚಿತವಾಗುತ್ತಿರುವ ಡಿಎನ್‌ಎಯಲ್ಲಿ ಮಾತ್ರ ನಿಲ್ಲುವುದು. ಆರ್‌ಎನ್‌ಎಯ ಒಂದು ಬಗೆಯಲ್ಲಿಯೂ ಥೈಮಿನ್ ಕಾಣಬರುವುದು ನಿಜ. ಆದರೆ ಅಲ್ಲಿ ಮೊದಲು ಯುರಾಸಿಲ್ ಬರೆಯಲ್ಪಟ್ಟು, ಆಮೇಲೆ ಇದ್ದಲ್ಲಿಯೇ ಅದಕ್ಕೆ ಮೀಥೈಲ್ ಗುಂಪು ಸೇರಿಸಲ್ಪಡುವುದರಿಂದ, ಹೊರಗಿನಿಂದ ಬಂದ ಥೈಮಿಡಿನ್ನಿಗೆ ಆ ದಾರಿಯಿಲ್ಲ.

ಕೋಶವು ಸಾಮಾನ್ಯವಾಗಿ ತನಗೆ ಬೇಕಾದ ಥೈಮಿಡಿನ್ ಫಾಸ್ಫೇಟನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆದರೂ ಹೊರಗಿನ ಥೈಮಿಡಿನ್ ದೊರೆತರೆ ಅದನ್ನು ಬಿಡುವುದಿಲ್ಲ. ಥೈಮಿಡಿನ್ ಕೈನೇಸ್ ಎಂಬ ಕಿಣ್ವವು ಅದಕ್ಕೆ ಫಾಸ್ಫೇಟನ್ನು ಜೋಡಿಸಿ ಡಿಎನ್‌ಎಯ ರಚನೆಗೆ ಒಪ್ಪಿಸುತ್ತದೆ. ಈ ಹೊರಬಾಗಿಲಿನಿಂದಲೇ ಸಂಶೋಧಕನು ತನ್ನ ಗುರುತನ್ನು ಒಳಗೆ ಕಳುಹಿಸುವುದು.

೪

ಥೈಮಿಡಿನ್ ಡಿಎನ್‌ಎಗೆ ವಿಶಿಷ್ಟವಾದ ಘಟಕವಾಗಿ ಬಳಕೆಯಾಗುವುದೆಂಬುದನ್ನು ೧೯೫೧ರಲ್ಲಿ ರೈಕಾರ್ಡ್ ಮತ್ತು ಎಸ್ಟ್‌ಬೋರ್ನ್ ಎಂಬವರು ಭಾರವಾದ ಸಾರಜನಕದ ಗುರುತಿನಿಂದ ತೋರಿಸಿಕೊಟ್ಟರು. ೧೯೫೭ರಲ್ಲಿ ಟೇಲರ್, ವುಡ್ಸ್, ಹ್ಯೂಸ್ ಎಂಬ ಮೂವರು ವಿಕಿರಣವುಳ್ಳ ಜಲಜನಕವನ್ನು, ಎಂದರೆ ಟ್ರಿಷಿಯಮ್ಮನ್ನು, ಥೈಮಿಡಿನ್ನಿನಲ್ಲಿ ಸೇರಿಸಿ ಒಂದು ಜಾತಿಯ ಅವರೆಯ ಬೇರಿನ ತುದಿಗೆ ಉಣಿಸಿದರು. ಟ್ರಿಷಿಯಮ್ಮಿನ ಕಿರಣವು ಬಹಳ ದುರ್ಬಲ. ಜೀವಧಾತುವಿನಲ್ಲಿ ಅದು ಹೆಚ್ಚೆಂದರೆ ಆರು ಮೈಕ್ರೋಮೀಟರು ದೂರ ಸಾಗೀತು. ಈ ದೌರ್ಬಲ್ಯವೇ ಇಲ್ಲಿ ಗುಣವಾಯಿತು. ಮೇಲೆ ಹಾಸಿದ ಛಾಯಾಚಿತ್ರದ ಲೇಪದಲ್ಲಿ ಕಪ್ಪು ಚುಕ್ಕೆಗಳು ಹೊರಟ ಸ್ಥಳದ ನೇರಕ್ಕೇ ಮೂಡಿದುದರಿಂದ ಒಂದೊಂದು ವರ್ಣತಂತುವನ್ನೂ ಬೇರೆಬೇರೆಯಾಗಿ ನೋಡುವುದು ಸಾಧ್ಯವಾಯಿತು.

ಅವರಿಗೆ ಕಂಡುದು ಇಷ್ಟು: ಗುರುತನ್ನು ಪಡೆದ ಮೇಲಿನ ಮೊದಲನೆಯ ವಿಭಜನೆಯಲ್ಲಿ ವರ್ಣತಂತುವಿನ ಎರಡು ಹೋಳುಗಳಲ್ಲಿಯೂ ಚುಕ್ಕೆಗಳಿದ್ದುವು; ಗುರುತಿಲ್ಲದ ದ್ರವದಲ್ಲಿ ಇನ್ನೊಮ್ಮೆ ಪ್ರತಿಯಾದ ಮೇಲೆ ಎರಡರಲ್ಲಿ ಒಂದರಲ್ಲಿ ಮಾತ್ರ ಚುಕ್ಕೆಗಳು ಉಳಿದುವು. ಪ್ರತಿ ಹೊಸ ಲೇಖದಲ್ಲಿಯೂ ಒಂದು ಎಳೆ ಹಳೆಯದು, ಒಂದು ಎಳೆ ಹೊಸದು ಎಂಬ ಸಿದ್ಧಾಂತಕ್ಕೆ ಇದು ಪೋಷಕವಾಯಿತು. ಮರುವರ್ಷ ಮೆಸೆಲ್ಸನ್ ಮತ್ತು ಸ್ಟಾಲ್ ಬ್ಯಾಕ್ಟೀರಿಯಗಳಲ್ಲಿ ಬೇರೊಂದು ವಿಧಾನದಿಂದ ಅದೇ ತತ್ತ್ವವನ್ನು ಸ್ಥಾಪಿಸಿದರು. ಓಲೆಯ ಪ್ರತಿಕಾರನು ಹಳೆಯ ಕಟ್ಟನ್ನು ಪಕ್ಕಕ್ಕಿಟ್ಟು ಹೊಸ ಕಟ್ಟನ್ನು ಬರೆಯುತ್ತಾನೆ. ಜೀವಕೋಶವು ಹಾಗಲ್ಲ, ಹಳೆಯ ಕಟ್ಟನ್ನು ಬಿಚ್ಚಿ ಅರ್ಧರ್ಧವನ್ನು ಎರಡು ಹೊಸ ಕಟ್ಟುಗಳಿಗೆ ಹಂಚುತ್ತದೆ.

ಮೇಲೆ ಹೆಸರಿಸಿದ ಸಿದ್ದೀಕಿಯವರೂ ಈ ಬಗೆಯ ಪ್ರಶ್ನೆಯೊಂದನ್ನು ಹಿಡಿದು ತಮ್ಮ ಸಂಶೋಧನೆಯ ಆರಂಭದ ದಿನಗಳಲ್ಲಿ ದುಡಿದವರು. ಇ. ಕೋಲಿ ಬ್ಯಾಕ್ಟೀರಿಯಗಳು ಕೂಡಿ ಹುಟ್ಟಿದ ಮಿಶ್ರಸಂತತಿಯಲ್ಲಿ ಜನಕಕೋಶದ ಡಿಎನ್‌ಎ ಸೇರುವುದನ್ನು ಕುರಿತ ಅವರ ಪ್ರಬಂಧವು ೧೯೬೩ರಲ್ಲಿ ಪ್ರಕಟವಾಯಿತು.

ಥೈಮಿಡಿನ್ನಿನ ಸಾಕ್ಷಿಯು ರೂಢಮೂಲವಾದ ಅಭಿಪ್ರಾಯಕ್ಕೆ ವಿರುದ್ಧವಾಗಿ ಬಂದ ಸಂದರ್ಭವೂ ಉಂಟು. ಬೆಳೆದ ಪ್ರಾಣಿಯ ಮೆದುಳಿನಲ್ಲಿ ಹೊಸ ನರಕೋಶಗಳು ಹುಟ್ಟುವುದಿಲ್ಲವೆಂದು ಪಂಡಿತರು ನಂಬಿದ್ದರು. ೧೯೬೫ರಲ್ಲಿ ಜೋಸೆಫ್ ಆಲ್ಟ್‌ಮನ್ ಮತ್ತು ಗೋಪಾಲ ದಾಸ್ ಎಂಬವರು ಟ್ರಿಷಿಯಮ್ ಸೇರಿದ ಥೈಮಿಡಿನ್ನನ್ನು ಇಲಿಗಳಿಗೆ ಕೊಟ್ಟು, ಜನನಾನಂತರವೂ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಹೊಸ ಕೋಶಗಳು ಹುಟ್ಟುವುದನ್ನು ವರದಿಮಾಡಿದರು. ಅನೇಕ ವರ್ಷಗಳವರೆಗೆ ಆ ಮಾತಿಗೆ ಮನ್ನಣೆ ದೊರೆಯಲಿಲ್ಲ. ಸಾಕ್ಷಿಯಿದ್ದ ಮಾತ್ರದಿಂದ ತೀರ್ಪು ಬದಲಾಗದೆಂಬುದಕ್ಕೆ ವಿಜ್ಞಾನದ ಚರಿತ್ರೆಯೂ ಹೊರತಲ್ಲ.

೫

ಇನ್ನು ದ್ರವ್ಯದ ಎರಡನೆಯ ಮುಖ. ೧೯೬೨ರಲ್ಲಿ ಜೆರೋಸ್ ಎಂಬಾತನು ಥೈಮಿಡಿನ್ನನ್ನು ಅಧಿಕವಾಗಿ ಕೊಟ್ಟರೆ ಕೋಶಗಳ ಪ್ರತಿಕಾರ್ಯವೇ ನಿಂತುಹೋಗುವುದೆಂದೂ, ಅದನ್ನು ತೆಗೆದೊಡನೆ ಕೋಶಗಳು ಒಟ್ಟಿಗೆ ಮುಂದುವರಿಯುವುವೆಂದೂ ತೋರಿಸಿದನು. ಗುರುತಿಗಾಗಿ ಇಂಥ ದ್ರವ್ಯಗಳನ್ನು ಬಳಸುವಾಗ ಲೀಟರಿಗೆ ಹತ್ತು ಮೈಕ್ರೋಮೋಲಿನಷ್ಟು ಸಾಕಾಗುವುದುಂಟು. ತಡೆಗಾಗಿ ಬಳಸುವಾಗಲಾದರೋ ಲೀಟರಿಗೆ ಎರಡು ಮಿಲಿಮೋಲ್, ಎಂದರೆ ಸುಮಾರು ಅರ್ಧ ಗ್ರಾಂ, ಹಾಕುವುದು ವಾಡಿಕೆ. ಅಂತರವು ಇನ್ನೂರು ಮಡಿ.

ತನಗೆ ಬೇಕಾದ ಅಕ್ಷರವೇ ಹೇರಳವಾಗಿ ದೊರೆತಾಗ ಬರೆಹವು ನಿಲ್ಲುವುದೇಕೆ ಎಂಬ ಶಂಕೆ ಇಲ್ಲಿ ಹುಟ್ಟುವುದು ಸಹಜ. ಇದಕ್ಕೆ ಸಮಾಧಾನವು ರೈಬೊನ್ಯೂಕ್ಲಿಯೊಟೈಡ್ ರಿಡಕ್ಟೇಸ್ ಎಂಬ ಕಿಣ್ವದ ವರ್ತನೆಯಲ್ಲಿದೆ. ಡಿಎನ್‌ಎಗೆ ಬೇಕಾದ ಘಟಕಗಳನ್ನು ಆರ್‌ಎನ್‌ಎಯ ಘಟಕಗಳಿಂದ ಸಿದ್ಧಪಡಿಸುವ ಈ ಕಿಣ್ವವು ನಾಲ್ಕು ಅಕ್ಷರಗಳೂ ಹದವಾಗಿರುವಂತೆ ನೋಡಿಕೊಳ್ಳುತ್ತದೆ. ಥೈಮಿಡಿನ್ನಿನ ಮೂರು ಫಾಸ್ಫೇಟುಗಳುಳ್ಳ ರೂಪವು ಮಿತಿಮೀರಿದರೆ, ಅದು ಕಿಣ್ವಕ್ಕೆ ಅಂಟಿಕೊಂಡು ಸೈಟಿಡಿನ್ ಜಾತಿಯ ಘಟಕದ ತಯಾರಿಕೆಯನ್ನು ಅಡ್ಡಿಪಡಿಸುತ್ತದೆ. ಹೀಗೆ ಒಂದು ಅಕ್ಷರದ ಅತಿವೃಷ್ಟಿಯು ಇನ್ನೊಂದು ಅಕ್ಷರದ ಕ್ಷಾಮಕ್ಕೆ ಕಾರಣವಾಗಿ ಬರೆಹವು ನಿಲ್ಲುವುದು. ಡಿಆಕ್ಸಿಸೈಟಿಡಿನ್ನನ್ನು ಹೊರಗಿನಿಂದ ಕೊಟ್ಟರೆ ತಡೆಯು ಸಡಿಲುವುದೆಂಬುದು ಈ ವಿವರಣೆಗೆ ಆಧಾರ.

ಈ ತಡೆಯು ಪ್ರಯೋಗಕಾರನಿಗೆ ಬಹಳ ಉಪಯುಕ್ತ. ಸಾಕಿದ ಕೋಶಗಳಲ್ಲಿ ಒಂದೊಂದು ಒಂದೊಂದು ಹಂತದಲ್ಲಿರುತ್ತದೆ. ಅವುಗಳನ್ನೆಲ್ಲ ಒಂದೇ ಗೆರೆಯಲ್ಲಿ ನಿಲ್ಲಿಸಬೇಕಾದರೆ ಥೈಮಿಡಿನ್ನನ್ನು ಎರಡು ಬಾರಿ ಕೊಡುತ್ತಾರೆ. ಮೊದಲ ಬಾರಿ ಸುಮಾರು ಹದಿನೆಂಟು ಗಂಟೆ ತಡೆದರೆ, ಪ್ರತಿಕಾರ್ಯದ ನಡುವೆ ಇದ್ದ ಕೋಶಗಳು ಇದ್ದಲ್ಲಿಯೇ ನಿಲ್ಲುತ್ತವೆ. ಉಳಿದವು ಪ್ರಾರಂಭದ ಹೊಸ್ತಿಲಿಗೆ ಬಂದು ನಿಲ್ಲುತ್ತವೆ. ಬಳಿಕ ತೊಳೆದು ಒಂಬತ್ತು ಗಂಟೆಗಳ ಕಾಲ ಬಿಟ್ಟರೆ ನಡುವಿದ್ದವು ತಮ್ಮ ಕೆಲಸವನ್ನು ಮುಗಿಸಿಕೊಂಡು ದಾಟುತ್ತವೆ. ಎರಡನೆಯ ಬಾರಿ ತಡೆದಾಗ ಬಹುಮಟ್ಟಿಗೆ ಎಲ್ಲವೂ ಅದೇ ಹೊಸ್ತಿಲಲ್ಲಿ ಸಿಕ್ಕುತ್ತವೆ. ಈ ಕಾಲಾವಧಿಗಳು ಕೋಶದ ಜಾತಿಯನ್ನು ಅನುಸರಿಸಿ ಹೆಚ್ಚು ಕಡಿಮೆಯಾಗುವುವು.

೬

ಥೈಮಿಡಿನ್ನಿಗೆ ಕೆಲವು ಕೃತಕ ಬಂಧುಗಳಿವೆ. ಥೈಮಿನ್ನಿನ ಮೀಥೈಲ್ ಗುಂಪಿನ ಸ್ಥಾನದಲ್ಲಿ ಬ್ರೋಮಿನ್, ಕ್ಲೋರಿನ್ ಅಥವಾ ಅಯೋಡಿನ್ ಪರಮಾಣುವನ್ನು ಇಟ್ಟರೆ ಬಿಆರ್‌ಡಿಯು, ಸಿಎಲ್‌ಡಿಯು, ಐಡಿಯು ಎಂಬ ಸಂಕ್ಷಿಪ್ತ ನಾಮಗಳುಳ್ಳ ದ್ರವ್ಯಗಳಾಗುತ್ತವೆ. ಆಕಾರದಲ್ಲಿ ಇವು ಥೈಮಿಡಿನ್ನನ್ನು ಹೋಲುವುದರಿಂದ ಕೋಶವು ಭೇದವರಿಯದೆ ತನ್ನ ಡಿಎನ್‌ಎಯಲ್ಲಿ ಸೇರಿಸಿಕೊಳ್ಳುತ್ತದೆ. ೧೯೮೨ರಲ್ಲಿ ಗ್ರಾಟ್ಸ್‌ನರ್ ಎಂಬಾತನು ಬಿಆರ್‌ಡಿಯುವನ್ನು ಗುರುತಿಸುವ ಪ್ರತಿಕಾಯವನ್ನು ವರದಿಮಾಡಿದ ಮೇಲೆ ಅನೇಕ ಪ್ರಯೋಗಗಳಿಗೆ ವಿಕಿರಣದ ಅವಶ್ಯಕತೆಯೇ ತಪ್ಪಿತು. ೨೦೦೮ರಲ್ಲಿ ಸಾಲಿಕ್ ಮತ್ತು ಮಿಚಿಸನ್ ಎಂಬವರು ಇಡಿಯು ಎಂಬ ಇನ್ನೊಂದು ಬಂಧುವನ್ನು ಬಳಕೆಗೆ ತಂದರು. ಅದರ ಪತ್ತೆಗೆ ಪ್ರತಿಕಾಯವೂ ಬೇಡ, ಬಣ್ಣದ ಅಣುವೊಂದನ್ನು ನೇರವಾಗಿ ಅದಕ್ಕೆ ಜೋಡಿಸಬಹುದು.

ಈ ಬಂಧುಗಳ ನೆರವಿನಿಂದ ನಡೆದ ಸಂಶೋಧನೆಗೆ ದೂರದ ಉದಾಹರಣೆಯನ್ನು ಹುಡುಕಬೇಕಾಗಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಗಣೇಶ್ ನಾಗರಾಜು ಅವರೂ ಅವರ ಸಂಗಡಿಗರೂ ನಡೆಸಿ ೨೦೧೫ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಈ ವಿಷಯಕ್ಕೆ ತಕ್ಕ ನಿದರ್ಶನ.

ಮೊದಲು ಪ್ರಶ್ನೆಯನ್ನು ತಿಳಿಯೋಣ. ಡಿಎನ್‌ಎಯ ಎರಡು ಎಳೆಗಳು ಬಿಚ್ಚಿಕೊಂಡು ಪ್ರತಿಯಾಗುತ್ತಿರುವ ಸ್ಥಳವು ಕವಲಿನ ಆಕಾರದಲ್ಲಿರುತ್ತದೆ. ಮನುಷ್ಯಕೋಶದಲ್ಲಿ ಕವಲೊಂದು ನಿಮಿಷಕ್ಕೆ ಒಂದೆರಡು ಸಾವಿರ ಅಕ್ಷರಗಳಷ್ಟು ಮುಂದೆ ಸರಿಯುವುದು. ಘಟಕಗಳ ಅಭಾವದಿಂದಲೋ ಬೇರೆ ವಿಘ್ನದಿಂದಲೋ ಕವಲು ನಿಂತರೆ, ಆಗತಾನೆ ಬರೆದ ಹೊಸ ಎಳೆಗೆ ಅಪಾಯ ಒದಗುವುದು. ಕೋಶದಲ್ಲಿಯೇ ಇರುವ ಕಿಣ್ವಗಳು ಅದನ್ನು ಕೊರೆದು ತಿನ್ನಬಲ್ಲವು. ಆರ್‌ಎಡಿ೫೧ ಎಂಬ ಪ್ರೋಟೀನಿಗೆ ದಾಯಾದಿಗಳಂತಿರುವ ಕೆಲವು ಪ್ರೋಟೀನುಗಳು ಮುರಿದ ಡಿಎನ್‌ಎಯನ್ನು ಸರಿಪಡಿಸುವುವೆಂದು ತಿಳಿದಿತ್ತು. ಮುರಿಯುವುದಕ್ಕೆ ಮೊದಲೇ, ಕವಲು ಬರಿದೆ ನಿಂತಿರುವಾಗ, ಅವುಗಳ ಕಾರ್ಯವೇನು? ಇದೇ ಪ್ರಶ್ನೆ.

ಇಂಥ ಪ್ರಶ್ನೆಗೆ ಡಿಎನ್‌ಎ ಎಳೆಗಳನ್ನು ಗಾಜಿನ ಮೇಲೆ ಹರಡಿ ಓದುವ ವಿಧಾನವು ಅನುಕೂಲವಾದುದು. ಕೋಶಗಳಿಗೆ ಕೆಲವು ನಿಮಿಷಗಳ ಕಾಲ ಸಿಎಲ್‌ಡಿಯುವನ್ನೂ, ಅದನ್ನು ತೊಳೆದು ಅಷ್ಟೇ ಕಾಲ ಐಡಿಯುವನ್ನೂ ಕೊಡುತ್ತಾರೆ. ಬಳಿಕ ಕೋಶಗಳನ್ನು ಒಡೆದು ಡಿಎನ್‌ಎಯನ್ನು ಗಾಜಿನ ಹಲಗೆಯ ಮೇಲೆ ಉದ್ದಕ್ಕೆ ಇಳಿಯಬಿಟ್ಟು, ಎರಡು ಬಗೆಯ ಪ್ರತಿಕಾಯಗಳಿಂದ ಎರಡು ಬಣ್ಣ ಬರುವಂತೆ ಮಾಡುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಕೆಂಪಿನ ಗೆರೆಯೂ ಅದಕ್ಕೆ ಹೊಂದಿ ಹಸುರಿನ ಗೆರೆಯೂ ಕಾಣುತ್ತವೆ. ಗೆರೆಯ ಉದ್ದವು ಆ ಕಾಲದಲ್ಲಿ ನಡೆದ ಬರೆಹದ ಅಳತೆ. ಕವಲನ್ನು ಔಷಧದಿಂದ ನಿಲ್ಲಿಸಿ ಕೆಲವು ಗಂಟೆಗಳ ಮೇಲೆ ನೋಡಿದಾಗ, ಬರೆದಿದ್ದ ಗೆರೆಯು ಮೊದಲಿನಷ್ಟೇ ಉದ್ದವಾಗಿದ್ದರೆ ಅದು ರಕ್ಷಿತವಾಗಿದೆಯೆಂದೂ, ಗಿಡ್ಡವಾಗಿದ್ದರೆ ಸವೆದುಹೋಗಿದೆಯೆಂದೂ ಅರ್ಥ.

ಆರ್‌ಎಡಿ೫೧ರ ದಾಯಾದಿಗಳ ಕೊರತೆಯುಳ್ಳ ಕೋಶಗಳಲ್ಲಿ ನಿಂತ ಕವಲಿನ ಹೊಸ ಡಿಎನ್‌ಎಯು ವಿಶೇಷವಾಗಿ ಸವೆಯುವುದೆಂದು ಆ ಪ್ರಬಂಧವು ತಿಳಿಸಿತು. ಫ್ಯಾಂಕೋನಿ ರಕ್ತಹೀನತೆಯನ್ನು ಹೋಲುವ ರೋಗವುಳ್ಳವರಿಂದಲೂ, ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ರೋಗಿಗಳಿಂದಲೂ ತಿಳಿದುಬಂದ ಆರ್‌ಎಡಿ೫೧ಸಿ ಎಂಬ ದಾಯಾದಿಯ ವಿಕೃತ ರೂಪಗಳು ಕವಲನ್ನು ಕಾಪಾಡಲಾರವೆಂದೂ ಅದು ತೋರಿಸಿತು. ಇದರ ಮಹತ್ತ್ವವನ್ನು ಹೇಳಬೇಕಾದುದಿಲ್ಲ. ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುವ ರೋಗದ ಬೀಜವೊಂದು, ಪ್ರತಿಕಾರ್ಯವು ತಡೆದು ನಿಂತ ಕ್ಷಣದಲ್ಲಿ ಕಾವಲಿಲ್ಲದೆ ಹೋಗುವುದರಲ್ಲಿಯೂ ಅಡಗಿರಬಹುದೆಂಬುದಕ್ಕೆ ಇಲ್ಲಿ ಪ್ರತ್ಯಕ್ಷ ಆಧಾರ ದೊರೆಯಿತು.

ಇದೇ ತಂಡದವರು ೨೦೧೮ರಲ್ಲಿ ಎಕ್ಸ್‌ಆರ್‌ಸಿಸಿ೨ ಎಂಬ ಮತ್ತೊಂದು ದಾಯಾದಿಯನ್ನು ಕುರಿತು ಬರೆದರು. ಡಿಎನ್‌ಎ ಘಟಕಗಳ ಪ್ರಮಾಣವು ಏರುಪೇರಾದಾಗ ಕವಲಿನ ವೇಗಕ್ಕೆ ಅದು ಕಡಿವಾಣವಾಗಿರುವುದೆಂದೂ, ಅದು ಇಲ್ಲದಿದ್ದರೆ ರೈಬೊನ್ಯೂಕ್ಲಿಯೊಟೈಡ್ ರಿಡಕ್ಟೇಸಿನ ಒಂದು ಭಾಗವು ಅಧಿಕವಾಗಿ, ಕವಲು ತಡೆಯಿಲ್ಲದೆ ಓಡಿ ಡಿಎನ್‌ಎಗೆ ಹಾನಿಯಾಗುವುದೆಂದೂ ಅವರ ನಿರ್ಣಯ. ಥೈಮಿಡಿನ್ನಿನ ತಡೆಯು ಯಾವ ಕಿಣ್ವದ ಮೂಲಕ ನಡೆಯುವುದೆಂದು ಹಿಂದೆ ಹೇಳಿತೋ ಅದೇ ಕಿಣ್ವವು ಇಲ್ಲಿಯೂ ಕಾಣಿಸಿಕೊಂಡಿದೆ. ಅಕ್ಷರಗಳ ಹದವೇ ಬರೆಹದ ಆರೋಗ್ಯವೆಂಬುದು ಎರಡು ಕಡೆಯಿಂದಲೂ ಸಿದ್ಧವಾಗುತ್ತದೆ.

೭

ಈ ಸಾಕ್ಷಿಯ ಮಿತಿಗಳನ್ನು ಈಗ ಸಂಗ್ರಹವಾಗಿ ಹೇಳಬಹುದ.

ಮೊದಲನೆಯದಾಗಿ, ಮೌನವು ಸಾಕ್ಷ್ಯವಲ್ಲ. ಥೈಮಿಡಿನ್ ಕೈನೇಸ್ ಇಲ್ಲದ ಕೋಶವು ಹೊರಗಿನ ಥೈಮಿಡಿನ್ನನ್ನು ಬಳಸಲಾರದು. ರೊಟ್ಟಿಯನ್ನು ಹುದುಗಿಸುವ ಯೀಸ್ಟಿನಲ್ಲಿ ಸ್ವಭಾವತಃ ಈ ಕಿಣ್ವವಿಲ್ಲ. ಅಲ್ಲಿ ಗುರುತು ಕಾಣಲಿಲ್ಲವೆಂದು ಪ್ರತಿಕಾರ್ಯವೇ ನಡೆಯಲಿಲ್ಲವೆಂದು ಹೇಳಿದರೆ ತಪ್ಪಾಗುವುದು. ಕವಿಯೊಬ್ಬನು ಹೆಸರಿಸಲಿಲ್ಲವೆಂದ ಮಾತ್ರಕ್ಕೆ ಪೂರ್ವಕವಿಯು ಇರಲೇ ಇಲ್ಲವೆಂದು ಸಾಧಿಸುವ ವಾದಕ್ಕೂ ಇದಕ್ಕೂ ದೋಷವು ಒಂದೇ.

ಎರಡನೆಯದಾಗಿ, ಗುರುತು ಕಂಡೊಡನೆ ಕೋಶವು ವಿಭಾಗವಾಗುತ್ತಿತ್ತೆಂದು ನಿಶ್ಚಯಿಸಲಾಗದು. ಕೆಟ್ಟ ಡಿಎನ್‌ಎಯನ್ನು ತೇಪೆಹಾಕುವಾಗಲೂ ಸ್ವಲ್ಪ ಥೈಮಿಡಿನ್ ಒಳಗೆ ಸೇರಬಹುದು. ಇಡಿಯ ಪ್ರತಿಯನ್ನು ಬರೆದುದಕ್ಕೂ ಮುರಿದ ಓಲೆಯ ಅಂಚಿನಲ್ಲಿ ನಾಲ್ಕಕ್ಷರ ತುಂಬಿದುದಕ್ಕೂ ಇರುವ ಅಂತರವನ್ನು ಪ್ರಮಾಣದಿಂದಲೇ ತಿಳಿಯಬೇಕು.

ಮೂರನೆಯದು ಎಲ್ಲಕ್ಕಿಂತ ಗಹನವಾದುದು. ಸಾಕ್ಷಿಯು ತಾನು ಕಂಡ ಘಟನೆಯನ್ನೇ ಮಾರ್ಪಡಿಸಬಲ್ಲುದು. ಟ್ರಿಷಿಯಮ್ಮಿನ ಕಿರಣವು ತಾನು ನೆಲಸಿದ ಕೋಶಕೇಂದ್ರಕ್ಕೇ ಗಾಸಿಮಾಡೀತು. ಬಿಆರ್‌ಡಿಯು ಬರೆಹದಲ್ಲಿ ತಪ್ಪುಗಳನ್ನು ಹುಟ್ಟಿಸುವುದಲ್ಲದೆ ಡಿಎನ್‌ಎಯನ್ನು ಬೆಳಕಿಗೆ ಸುಲಭವಾಗಿ ಒಡೆಯುವಂತೆ ಮಾಡುತ್ತದೆ. ಶುದ್ಧವಾದ ಥೈಮಿಡಿನ್ನೂ ಅತಿಯಾದರೆ ತಡೆಯಾಗುವುದನ್ನು ಮೇಲೆ ನೋಡಿದ್ದೇವೆ. ಆದುದರಿಂದ ಪ್ರಯೋಗದ ವರದಿಯನ್ನು ಓದುವಾಗ ಏನನ್ನು ಕೊಟ್ಟರೆಂಬುದರ ಜತೆಗೆ ಎಷ್ಟು ಕೊಟ್ಟರು, ಎಷ್ಟು ಹೊತ್ತು ಕೊಟ್ಟರು ಎಂಬುದನ್ನೂ ನೋಡತಕ್ಕದ್ದು.

೮

ಕಡೆಯದಾಗಿ ಭಾಷೆಯ ವಿಷಯ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ೧೯೧೮ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಬೆಂಗಳೂರಿನಿಂದ ಹೊರಡಿಸಿದಂದಿನಿಂದ ಕನ್ನಡದಲ್ಲಿ ಶಾಸ್ತ್ರವನ್ನು ಹೇಳುವುದು ಹೇಗೆಂಬ ಚರ್ಚೆ ನಡೆದುಬಂದಿದೆ. ಈ ಲೇಖನದಲ್ಲಿ ಥೈಮಿಡಿನ್ ಎಂಬ ಹೆಸರನ್ನು ಭಾಷಾಂತರಿಸದೆ ಇಟ್ಟುಕೊಂಡಿದೆ. ಅದು ಒಂದು ವಸ್ತುವಿನ ಅಂಕಿತನಾಮ. ಲೋಕದ ಪ್ರಯೋಗಶಾಲೆಗಳಲ್ಲೆಲ್ಲ ಸೀಸೆಯ ಮೇಲಿರುವ ಹೆಸರು ಒಂದೇ. ಆದರೆ ಆ ವಸ್ತುವಿನ ವ್ಯಾಪಾರವನ್ನು ಹೇಳುವುದಕ್ಕೆ ಪ್ರತಿ, ಎಳೆ, ಕವಲು, ಗುರುತು, ತಡೆ, ಹದ ಎಂಬ ನಮ್ಮ ಮಾತುಗಳೇ ಸಾಲುವುವು. ವಸ್ತುವಿನ ಹೆಸರು ಎರವಲಾದರೂ ಕ್ರಿಯೆಯ ವಿವರಣೆ ಸ್ವಂತದ್ದಾಗಿರುವಷ್ಟು ಕಾಲ ವಿಷಯವು ಕನ್ನಡದಲ್ಲಿ ನೆಲೆಗೊಳ್ಳುವುದಕ್ಕೆ ಅಡ್ಡಿಯಿಲ್ಲ.

ಯಶವಂತಪುರದ ಮಗ್ಗುಲಿನ ಪ್ರಯೋಗಶಾಲೆಯಲ್ಲಿ ಗಾಜಿನ ಮೇಲಣ ಎರಡು ಬಣ್ಣದ ಗೆರೆಗಳನ್ನು ಅಳೆಯುವವರೂ, ಹೆಬ್ಬಾಳದ ಕಲ್ಲಿನ ಮೇಲಣ ಅಕ್ಷರಗಳನ್ನು ಓದುವವರೂ ಒಂದೇ ನಿಯಮಕ್ಕೆ ಒಳಪಟ್ಟವರು. ಒಂದು ಅಕ್ಷರವು ಬಹಳವನ್ನು ಹೇಳಬಲ್ಲುದು. ಅದು ಅಲ್ಲಿಗೆ ಬಂದ ಬಗೆಯನ್ನು ವಿಚಾರಿಸದೆ ಅದರ ಮಾತನ್ನು ಸ್ವೀಕರಿಸಕೂಡದು.